ಹೇಳದೆ ನೂಕಿದ ಶಾಟು

ಹುಡುಗಿ ನೀರಿನ ಅಂಜಿಕೆಯನ್ನು ಗೆದ್ದಳು ಅಂತ ಸಿನಿಮಾದಲ್ಲಿ ತೋರಿಸುವವರಿದ್ದಾರೆ. ಸುಳ್ಳು. ಹತ್ತು ವರ್ಷದ ಕೂಸನ್ನು ಹಿಂದಿನಿಂದ ನೂಕಿದರು, ಅದು ಮುಳುಗುವುದನ್ನು ಎರಡು ಕ್ಯಾಮೆರಾದಲ್ಲಿ ಹಿಡಿದರು, ಹಿಡಿದಾದ ಮೇಲೆ ಚಪ್ಪಾಳೆ ತಟ್ಟಿದರು. ಆದದ್ದು ಇಷ್ಟೇ. ನೂಕಿದ್ದು ನಮ್ಮ ಬಾವಿಯಲ್ಲಿ. ಆ ಹೊತ್ತಿನಲ್ಲಿ ನಾನು ಮೇಲೆ ಬೇವಿನ ಗಿಡದ ಕೆಳಗೆ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ಅದನ್ನು ಬಿಟ್ಟು ಬರೆದರೆ ನಾನೂ ಅವರಂಥವಳೇ ಆಗುತ್ತೇನೆ.

ನಾಲ್ಕನೇ ಇಯತ್ತೆ ಓದಿದವಳು ನಾನು. ಬರೆಯಲಿಕ್ಕೆ ಬರುತ್ತದೆ, ಸಿಂಗರಿಸಲಿಕ್ಕೆ ಬರುವುದಿಲ್ಲ. ಆದ ಹಾಗೆ ಬರೆಯುತ್ತೇನೆ.

ಅವರು ಬಂದದ್ದು ಬೇಸಿಗೆ ಸೂಟಿ ಸುರುವಾದ ವಾರ. ಬೆಂಗಳೂರಿನ ಡೈರೆಕ್ಟರ್ ಒಬ್ಬ, ಅವನ ಸಂಗಡ ಇಪ್ಪತ್ತು ಮಂದಿ. ಇಂಡಿ ಊರಿನ ಲಾಜಿನಲ್ಲಿ ಉಳಿದಿದ್ದರು. ಮಕ್ಕಳ ಸಿನಿಮಾ, ಆಟದ ಸಿನಿಮಾ ಅಂದರು. ಅಪ್ಪ ನೀರಿನಲ್ಲಿ ಸತ್ತಿದ್ದಾನೆ, ಮಗಳಿಗೆ ನೀರು ಕಂಡರೆ ಅಂಜಿಕೆ, ಹಳ್ಳಿಯ ಮುದುಕಿಯೊಬ್ಬಳು ಆಕೆಗೆ ಬಾವಿಯಲ್ಲಿ ಈಸು ಕಲಿಸುತ್ತಾಳೆ, ಕಡೆಗೆ ಹುಡುಗಿ ಜಿಲ್ಲಾ ಪಂದ್ಯದಲ್ಲಿ ಪದಕ ತರುತ್ತಾಳೆ. ಇದು ಕಥೆ. ಇಳಿಯಲಿಕ್ಕೆ ಕಲ್ಲಿನ ಪಾವಟಿಗೆ ಇರುವ ಬಾವಿ ಬೇಕು ಅಂತ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯೆಲ್ಲ ತಿರುಗಿದ್ದರಂತೆ. ಸಿಕ್ಕವುಗಳಲ್ಲಿ ಕೆಲವು ಹೂಳು ತುಂಬಿದ್ದವು, ಕೆಲವು ಕಸ ಚೆಲ್ಲುವ ತಗ್ಗಾಗಿದ್ದವು. ನಮ್ಮದು ಲಚ್ಯಾಣದ ದಾರಿಗೆ, ನಿಂಬೆ ತೋಟದ ನಡುವೆ ಇದೆ. ಚೌಕ ಬಾವಿ. ಒಂದು ಮಗ್ಗುಲಿಗೆ ಪಾವಟಿಗೆ ನೀರಿನೊಳಗಿನ ತನಕ ಇಳಿದಿದೆ. ನೀರಿನೊಳಗಿನ ಕಡೆಯ ಪಾವಟಿಗೆ ದಾಟಿದರೆ ಮೂರಾಳು ಆಳ. ಪ್ರತಿ ಸೂಟಿಯಲ್ಲಿ ಊರಿನ ಮಕ್ಕಳು ನನ್ನ ಹತ್ತಿರ ಅಲ್ಲೇ ಈಸು ಕಲಿಯುತ್ತಾರೆ. ಅದಕ್ಕೇ ಊರವರು ಅವರಿಗೆ ನನ್ನ ಮನೆ ತೋರಿಸಿದರು.

“ಅಜ್ಜಿ, ಹನ್ನೆರಡು ದಿನದಲ್ಲಿ ಒಂದು ಮಗೂಗೆ ಈಜು ಕಲಿಸ್ತೀರಾ?” ಎಂದು ಕೇಳಿದ ಡೈರೆಕ್ಟರ್.

“ಕಲಿಸೂದು ನನ್ನ ಕೈಯಾಗೈತ್ರಿ. ಎಷ್ಟು ದಿನಾ ಅನ್ನೂದು ಕೂಸಿನ ಕೈಯಾಗೈತಿ.”

ಅವನು ನಕ್ಕ. ನಾನು ನಗಲಿಕ್ಕೆ ಹೇಳಿರಲಿಲ್ಲ.

ಸಿನಿಮಾದ ಮುದುಕಿಯ ಪಾರ್ಟು ಮಾಡಲಿಕ್ಕೆ ಬೆಂಗಳೂರಿನಿಂದಲೇ ಒಬ್ಬಾಕೆ ಬಂದಿದ್ದಳು. ಆಕೆಗೆ ಈಸು ಬರುತ್ತಿರಲಿಲ್ಲ. ಪಾವಟಿಗೆಯ ಮೇಲೆ ಕೂತು ಧೈರ್ಯದ ಮಾತು ಹೇಳುವುದಷ್ಟೇ ಆಕೆಯ ಕೆಲಸ. ಸೆರಗಿಗೆ ನೀರು ತಾಗಿದರೆ ಕಿಟಾರನೆ ಕಿರುಚುತ್ತಿದ್ದಳು. ನೀರಿನೊಳಗಿನ ಕೆಲಸ ನನ್ನದು, ಕ್ಯಾಮೆರಾದ ಮುಂದಿನ ಕೆಲಸ ಆಕೆಯದು. ಇದಕ್ಕೆ ನನ್ನ ತಕರಾರೇನೂ ಇರಲಿಲ್ಲ.

ಹುಡುಗಿ ಮಾತ್ರ ನಮ್ಮೂರಿನದೇ. ಅಂದರೆ, ಆಕೆಯ ತಾಯಿ ನಮ್ಮೂರ ಮಗಳು. ಹೂವಿನ ಹಿಪ್ಪರಗಿ ಕಡೆಗೆ ಕೊಟ್ಟಿದ್ದರು. ಗಂಡ ತೀರಿದ ಮೇಲೆ ಮಗಳನ್ನು ಕರೆದುಕೊಂಡು ಅಣ್ಣನ ಮನೆಗೆ ಬಂದು ಇದ್ದಾಳೆ, ಗಿಡದಿಂದ ನಿಂಬೆ ಹರಿಯುವ ಕೂಲಿಗೆ ಹೋಗುತ್ತಾಳೆ. ಸಿನಿಮಾದವರು ಸಾಲೆಯಲ್ಲಿ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡಿ ಈಕೆಯನ್ನು ಆರಿಸಿದ್ದರು. ಹುಡುಗಿಯ ಮಾವ, ಅಂದರೆ ತಾಯಿಯ ಅಣ್ಣ, ಕಾಗದಕ್ಕೆ ಸಹಿ ಮಾಡಿದ. ಒಳ್ಳೆಯ ಮನುಷ್ಯ. ತಂಗಿ, ತಂಗಿಯ ಮಗಳು ಇಬ್ಬರನ್ನೂ ಮುಖ ಸಿಂಡರಿಸದೆ ಇಟ್ಟುಕೊಂಡಿದ್ದಾನೆ. ಇದನ್ನು ಮೊದಲೇ ಹೇಳಿರುತ್ತೇನೆ, ಮುಂದೆ ಅವನ ಮೇಲೆ ನಾನು ಬೆಂಕಿಯಾಗುವುದಿದೆ.

ಮೊದಲ ದಿನ ಹುಡುಗಿಯನ್ನು ನೀರಿಗೆ ಇಳಿಸಲಿಲ್ಲ. ಮೇಲಿನ ಪಾವಟಿಗೆಯಲ್ಲಿ ಕೂಡಿಸಿ ಹಗ್ಗ ತೋರಿಸಿದೆ. ನಾನು ನೂಲಿನ ಹಗ್ಗವನ್ನೇ ಕಟ್ಟುವುದು. ನೈಲಾನಿನದು ತೊಯ್ದಾಗ ಚರ್ಮ ಸುಲಿಯುತ್ತದೆ. ಕಟ್ಟುವುದು ಬಗಲ ಕೆಳಗೆ, ಗಂಟು ಬೆನ್ನಿಗೆ. ಸೊಂಟಕ್ಕೆ ಕಟ್ಟಿ ಎಳೆದರೆ ಕುಂಡಿ ಮೇಲೆ ಬರುತ್ತದೆ, ತಲೆ ನೀರಿಗೆ ಹೋಗುತ್ತದೆ. ಬೆನ್ನಿಗೆ ಐದು ಲೀಟರಿನ ಎಣ್ಣೆಯ ಖಾಲಿ ಕ್ಯಾನು, ಬಿರಡೆಗೆ ಸೈಕಲ್ ಟ್ಯೂಬಿನ ತುಂಡು ಬಿಗಿದು. ಹಗ್ಗದ ಇನ್ನೊಂದು ತುದಿ ನನ್ನ ಕೈಯಲ್ಲಿ, ಎರಡು ಸುತ್ತು.

“ಹಗ್ಗ ಬಿಗಿ ಹಿಡದಾಗ ಬಿಗಿ ಹಿಡದೇನಿ ಅಂತೇನಿ. ಸಡ್ಲ ಬಿಡೂದಿದ್ರ ಮೊದಲ ಹೇಳ್ತೇನಿ. ಹೇಳದ ಏನೂ ಮಾಡೂದಿಲ್ಲ,” ಎಂದೆ.

“ಖರೇನ ಆಯಿ?”

“ನನಗ ಸುಳ್ಳ ಹೇಳಾಕ ವ್ಯಾಳ್ಯಾ ಇಲ್ಲ.”

ಎರಡನೇ ದಿನ ಮೊಣಕಾಲು ಮಟ, ಮೂರನೇ ದಿನ ಎದೆ ಮಟ. ಪಾವಟಿಗೆಯ ಅಂಚು ಹಿಡಿದು ಕಾಲು ಬಡಿಯುವುದು. ಮೊಣಕಾಲಿನಿಂದ ಬಡಿದರೆ ನೀರು ಹಾರುತ್ತದೆ, ಮೈ ಮುಂದೆ ಹೋಗುವುದಿಲ್ಲ. ತೊಡೆಯಿಂದ ಬಡಿಯಬೇಕು. ಆಮೇಲೆ ಮುಖ ನೀರಿಗೆ ಹಾಕಿ ಮೂಗಿನಿಂದ ಉಸಿರು ಬಿಟ್ಟು ಗುಳ್ಳೆ ಎಬ್ಬಿಸುವುದು. ಇಷ್ಟು ಬಂದರೆ ಅರ್ಧ ಈಸು ಬಂದ ಹಾಗೆ. ಹುಡುಗಿ ಹೇಳಿದ್ದನ್ನು ಮಾಡುತ್ತಿದ್ದಳು, ಆದರೆ ಒಂದೊಂದಕ್ಕೂ ಕೇಳುತ್ತಿದ್ದಳು: “ಆಯಿ, ಈಗ ಏನ್ ಮಾಡ್ತಿ? ಆಮ್ಯಾಗ ಏನ್ ಮಾಡ್ತಿ?” ನನ್ನ ಕೈ ಸ್ವಲ್ಪ ಅಲುಗಿದರೆ ತಿರುಗಿ ನೋಡುತ್ತಿದ್ದಳು. ನೀರನ್ನು ನೋಡುವುದಕ್ಕಿಂತ ನನ್ನನ್ನು ಹೆಚ್ಚು ನೋಡುತ್ತಿದ್ದಳು.

ನಾಲ್ಕನೇ ದಿನ ಒಂದು ಅಡ್ಡಿ ಬಂತು. ಸಾಮಾನು ಜೋಡಿಸುವ ಅವರ ಮನುಷ್ಯನೊಬ್ಬ ಎಲ್ಲಿಂದಲೋ ಒಣಗಿದ ಸೋರೆ ಬುರುಡೆ ತಂದ. ಎಣ್ಣೆಯ ಕ್ಯಾನು ಸಿನಿಮಾದಲ್ಲಿ ಚಂದ ಕಾಣುವುದಿಲ್ಲವಂತೆ. ಬುರುಡೆ ನನಗೆ ಹೊಸದಲ್ಲ, ನಾನು ಕಲಿತದ್ದೂ ಬುರುಡೆ ಕಟ್ಟಿಕೊಂಡೇ. ಆದರೆ ಕಟ್ಟುವ ಮುಂಚೆ ನೋಡಬೇಕು. ದನಗಳು ನೀರು ಕುಡಿಯುವ ಡೋಣಿಯಲ್ಲಿ ಅದನ್ನು ಒತ್ತಿ ಹಿಡಿದೆ. ಕುತ್ತಿಗೆಯ ಹತ್ತಿರ ಸಣ್ಣ ಗುಳ್ಳೆ ಏಳತೊಡಗಿದವು. ಹುಳ ಕೊರೆದಿತ್ತು.

“ಇದನ್ನ ಕಟ್ಟಿದ್ರ ಕೂಸು ನಡೂ ಬಾವ್ಯಾಗ ಕೆಳಗ ಹೋಗ್ತೈತಿ,” ಎಂದೆ.

“ಚಿಕ್ಕ ತೂತು ಅಜ್ಜಿ, ಸ್ಕ್ರೀನ್ ಮೇಲೆ ಯಾರಿಗೂ ಗೊತ್ತಾಗಲ್ಲ.”

“ಬಾವಿಗಿ ಗೊತ್ತಾಗ್ತೈತಿ.”

ಅರ್ಧ ದಿನ ಇದರ ಮೇಲೆಯೇ ಹೋಯಿತು. ಕಡೆಗೆ ನನ್ನ ಕ್ಯಾನಿಗೇ ಗೋಣಿತಟ್ಟು ಹೊಲಿದು ಸುತ್ತಿದೆ. ದೂರದಿಂದ ಬುರುಡೆಯ ಹಾಗೆಯೇ ಕಂಡಿತು. ಡೈರೆಕ್ಟರ್ “ಸೂಪರ್ ಅಜ್ಜಿ” ಎಂದ. ಈ ಗದ್ದಲ ನಡೆದಾಗ ಹುಡುಗಿ ಡೋಣಿಯ ಹತ್ತಿರ ನಿಂತು ಎಲ್ಲ ನೋಡುತ್ತಿದ್ದಳು. ಅವರು ಆಚೆ ಹೋದ ಮೇಲೆ ನನ್ನ ಹತ್ತಿರ ಬಂದು ತಾನಾಗಿ ಮಾತು ತೆಗೆದಳು.

“ಆಯಿ, ನೀ ತೂತು ಐತಿ ಅಂತ ನನ್ನ ಮುಂದನ ಹೇಳಿದಿ.”

“ಮತ್ತ್ಯಾರ ಮುಂದ ಹೇಳಲಿ? ಕಟಗೊಳ್ಳಾಕಿ ನೀ.”

“ನಮ್ಮ ಅಪ್ಪ ಸತ್ತಾಗ ನನಗ ಯಾರೂ ಹೇಳಲಿಲ್ಲ. ಸೊಲ್ಲಾಪುರ ದವಾಖಾನಿಗಿ ಒಯ್ದಾರ, ನಾಳೆ ಬರ್ತಾನ ಅಂದ್ರು. ನಾ ಅಪ್ಪಗ ಅಂತ ಬಿಸ್ಕೀಟ್ ಪುಡಾ ತಗದಿಟ್ಟಿದ್ದೆ. ಎಲ್ಲಾರಿಗೂ ಗೊತ್ತಿತ್ತು. ನನಗೊಬ್ಬಾಕಿಗಷ್ಟ ಗೊತ್ತಿರಲಿಲ್ಲ.”

ಆಗ ನನಗೆ ತಿಳಿಯಿತು. ಈ ಕೂಸಿಗೆ ಇರುವುದು ನೀರಿನ ಅಂಜಿಕೆ ಅಲ್ಲ, ಮಂದಿಯ ಅಂಜಿಕೆ. ತನಗೆ ಗೊತ್ತಿಲ್ಲದೆ ತನ್ನ ಸುತ್ತ ಏನೋ ನಡೆಸುತ್ತಾರೆ ಅನ್ನುವ ಅಂಜಿಕೆ. ಅದಕ್ಕೆ ಮದ್ದು ಒಂದೇ, ಹೇಳಿ ಮಾಡುವುದು. ಅಂದಿನಿಂದ ಹಗ್ಗದ ಪ್ರತಿ ಗೇಣು ಸಡಿಲವನ್ನೂ ಬಾಯಿಬಿಟ್ಟು ಹೇಳಿ ಬಿಟ್ಟೆ. “ಒಂದು ಗೇಣ ಬಿಟ್ಟೆ. ಮತ್ತೊಂದು ಗೇಣ ಬಿಟ್ಟೆ. ಈಗ ಹಗ್ಗ ನೀರಾಗ ಬಿದ್ದೈತಿ, ನಿನ್ನ ಎಳಿಯಾಕತ್ತಿಲ್ಲ, ನೀನ ಹೊಂಟಿ.” ಏಳನೇ ದಿನ ಕ್ಯಾನು ಬಿಚ್ಚಿದೆ, ಹೇಳಿಯೇ ಬಿಚ್ಚಿದೆ. ಎಂಟನೇ ದಿನ ಹುಡುಗಿ ಬಾವಿಯ ಈ ದಂಡೆಯಿಂದ ಆ ದಂಡೆಗೆ ಈಸಿ ಗೋಡೆ ಮುಟ್ಟಿದಳು. ಹಗ್ಗ ಹಿಂದೆ ಹಾವಿನ ಹಾಗೆ ತೇಲುತ್ತಿತ್ತು, ಅಷ್ಟೇ. ಗೋಡೆಯ ಸಂದಿಯಲ್ಲಿ ಗೂಡು ಕಟ್ಟಿದ್ದ ಪಾರಿವಾಳಗಳು ಹಾರಿಹೋದವು. ಹುಡುಗಿ ನೀರಿನಲ್ಲೇ ನಕ್ಕು, ನೀರು ಕುಡಿದು, ಕೆಮ್ಮಿ, ಮತ್ತೆ ನಕ್ಕಳು.

ಇಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಇಲ್ಲಿಂದಲೇ ಅವರ ತಾಪತ್ರಯ ಸುರುವಾಯಿತು.

ಹುಡುಗಿ ನೀರು ಕಂಡು ಹೆದರಿ ನಡುಗುವ ಸೀನನ್ನು ಅವರು ಮೊದಲೇ ತೆಗೆಯಬೇಕಿತ್ತು. ಬಿಸಿಲು ಸರಿ ಇಲ್ಲ, ಸಿನಿಮಾದ ಮುದುಕಿಯ ತಾರೀಖು ಸಿಕ್ಕಿಲ್ಲ ಅಂತ ಮುಂದೆ ಮುಂದೆ ಹಾಕಿದ್ದರು. ಒಂಬತ್ತನೇ ದಿನ ಅದಕ್ಕೆ ಕೈ ಹಚ್ಚಿದರು. ನೀರಿನ ಮಟ್ಟಕ್ಕೆ ಸರಿಯಾಗಿ ಇರುವ ಪಾವಟಿಗೆಯ ಮೇಲೆ ಹುಡುಗಿಯನ್ನು ನಿಲ್ಲಿಸಿ ಹೆದರು ಅಂದರು. ಆಕೆ ಕಣ್ಣು ಅಗಲ ಮಾಡಿದಳು, ತುಟಿ ನಡುಗಿಸಿದಳು, ಮರುಕ್ಷಣ ನನ್ನ ಕಡೆ ನೋಡಿ ಫಕ್ಕನೆ ನಕ್ಕಳು. ಹನ್ನೊಂದು ಸಲ ತೆಗೆದರು. ಹನ್ನೊಂದು ಸಲವೂ ಅಷ್ಟೇ.

ಡೈರೆಕ್ಟರ್ ನನ್ನ ಹತ್ತಿರ ಬಂದು ಮುಖ ಒರೆಸಿಕೊಂಡ. “ಅಜ್ಜಿ, ನೀವು ತುಂಬ ಚೆನ್ನಾಗಿ ಕಲಿಸಿಬಿಟ್ರಿ. ಕಣ್ಣಲ್ಲಿ ಭಯಾನೇ ಇಲ್ಲ.”

“ಅದಕ್ಕ ಕರದಿದ್ರಿ ಅಲ್ಲೇನ್ರಿ?”

“ಹೌದು, ಆದ್ರೆ ಭಯ ಕಾಣದೆ ಇದ್ರೆ ಗೆದ್ದಿದ್ದು ಹೇಗೆ ಕಾಣುತ್ತೆ?”

ಮಡಕೆ ಒಡೆದರೆ ತಾನೆ ಬೆಸೆಯುವುದು ತೋರಿಸಬಹುದು ಅಂದ ಹಾಗಾಯಿತು. ನಾನು ಎದ್ದು ಹೋದೆ.

ಅವತ್ತೇ ಮಧ್ಯಾಹ್ನ ಊಟದ ಹೊತ್ತಿಗೆ ಇನ್ನೊಂದು ಗೊತ್ತಾಯಿತು. ಡೈರೆಕ್ಟರನ ಕೈಕೆಳಗಿನ ಅಸಿಸ್ಟೆಂಟ್ ಹುಡುಗಿ, ಒಳ್ಳೆಯ ಹುಡುಗಿಯೇ, ಮಾತಿಗೆ ಮಾತು ಬಂದು ಹೇಳಿಬಿಟ್ಟಳು. ಸಾಲೆಯಲ್ಲಿ ಈಕೆಯನ್ನು ಆರಿಸಿದ್ದು ಈಕೆಯ ಸ್ವಂತ ಅಪ್ಪನೂ ನೀರಿನಲ್ಲಿ ಸತ್ತದ್ದು ಗೊತ್ತಾದ ಮೇಲೆಯೇ ಅಂತೆ. “ಕಥೆಗೆ ತುಂಬ ಹತ್ತಿರ ಇತ್ತಲ್ಲ ಅಜ್ಜಿ, ಫೀಲಿಂಗ್ ತಾನಾಗೇ ಬರುತ್ತೆ ಅಂದ್ಕೊಂಡ್ವಿ.” ಪದಕ ತಗೊಳ್ಳುವಾಗ ಹುಡುಗಿ ಮೈಕಿನಲ್ಲಿ ಹೇಳಬೇಕಾದ ಮಾತನ್ನೂ ಓದಿ ತೋರಿಸಿದಳು: ನನ್ನ ಅಪ್ಪನಿಗೆ ಈಜು ಬಂದಿದ್ದರೆ ಇವತ್ತು ಬದುಕಿರುತ್ತಿದ್ದ.

ನನ್ನ ಕೈಯಲ್ಲಿನ ರೊಟ್ಟಿ ಅಲ್ಲೇ ಉಳಿಯಿತು. ಆ ಮನುಷ್ಯನಿಗೆ ಈಸು ಬರುತ್ತಿತ್ತು. ತಾಯಿಯೇ ನನಗೆ ಹೇಳಿದ್ದಳು. ಕೆನಾಲಿಗೆ ನೀರೆತ್ತುವ ಇಂಜಿನ್ ಹಚ್ಚಿದ್ದ, ಪೈಪಿನ ಬಾಯಿಗೆ ಕಸ ಸಿಕ್ಕಿತ್ತು, ತೆಗೆಯಲಿಕ್ಕೆ ಇಳಿದವನು ಜಾರಿದ. ಕೆನಾಲಿನ ಎರಡೂ ಬದಿ ಸಿಮೆಂಟಿನ ಇಳಿಜಾರು, ಮೇಲೆ ಪಾಚಿ. ಈಸುವವನು ಬದಿಗೆ ಬರುತ್ತಾನೆ, ಹತ್ತಲಿಕ್ಕೆ ನೋಡುತ್ತಾನೆ, ಜಾರುತ್ತಾನೆ. ಮತ್ತೆ ಹತ್ತುತ್ತಾನೆ, ಮತ್ತೆ ಜಾರುತ್ತಾನೆ. ಎಷ್ಟು ಹೊತ್ತು? ಈಸು ಬಾರದ್ದಕ್ಕೆ ಸತ್ತ ಅಂತ ಅವನ ಮಗಳ ಬಾಯಿಂದಲೇ ಹೇಳಿಸಬೇಕೇ?

ಡೈರೆಕ್ಟರನಿಗೆ ಹೋಗಿ ಹೇಳಿದೆ. ಅವನು ಎಲ್ಲ ಕೇಳಿದ. ಕೇಳಿ, “ಅಜ್ಜಿ, ಇದು ಆ ಮಗುವಿನ ಅಪ್ಪ ಅಲ್ಲ, ಪಾತ್ರದ ಅಪ್ಪ. ಮಕ್ಕಳಿಗೆ ಒಂದು ಮೆಸೇಜ್ ಹೋಗಬೇಕು,” ಎಂದ. ನಾನು ಅಲ್ಲೇ ಹಗ್ಗ ಸುತ್ತಿಕೊಂಡು ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಇನ್ನು ಮೂರು ದಿನ, ಕೂಸಿಗೆ ಖುಷಿ ಇದೆ, ಮುಗಿಸಿಬಿಡೋಣ ಅಂದುಕೊಂಡೆ. ನನ್ನ ಮೊದಲ ತಪ್ಪು ಅದು.

ಎರಡನೆಯದು ಮರುದಿನ, ಹತ್ತನೇ ದಿನ. “ಇವತ್ತು ನೀರಿಗೆ ಇಳಿಯೋ ಸೀನೇ ಇಲ್ಲ, ಬರೀ ಮೆಟ್ಟಿಲ ಮೇಲೆ ನಿಂತು ನೀರು ನೋಡೋದು. ಹಗ್ಗ ಬಿಚ್ಚಿಬಿಡಿ, ಕ್ಯಾಮೆರಾದಲ್ಲಿ ಕಾಣುತ್ತೆ,” ಅಂದರು. ಬಿಚ್ಚಿದೆ. “ಹಗ್ಗ ಬಿಚ್ಚೇನಿ ತಂಗಿ, ಇವತ್ತ ನೀರಿಗಿ ಇಳ್ಯೂದಿಲ್ಲಂತ,” ಎಂದು ಹುಡುಗಿಗೆ ಹೇಳಿದೆ. ಆಕೆ ಹ್ಞೂಂ ಎಂದಳು. ಆಮೇಲೆ ಅಸಿಸ್ಟೆಂಟ್ ಬಂದು, ನಿಮ್ಮದೊಂದು ಸಂದರ್ಶನ ತಗೋಬೇಕು, ಮೇಲೆ ಬನ್ನಿ ಎಂದಳು. ಬೇವಿನ ಕೆಳಗೆ ಕುರ್ಚಿ ಹಾಕಿ, ಚಹಾ ಕೊಟ್ಟು, ಈಸು ಕಲಿಸುವುದು ನಿಮಗೆ ಯಾರು ಕಲಿಸಿದರು ಅಂತ ಕೇಳತೊಡಗಿದರು. ನಾನೂ ದೊಡ್ಡವಳ ಹಾಗೆ ಹೇಳುತ್ತಾ ಕೂತೆ.

ಬಾವಿಗೆ ಇಳಿದ ಸಪ್ಪಳ ಬೇರೆ, ಬಿದ್ದ ಸಪ್ಪಳ ಬೇರೆ. ಇಷ್ಟು ವರ್ಷದಲ್ಲಿ ಅದೊಂದು ನನ್ನ ಕಿವಿಗೆ ಕೂತುಬಿಟ್ಟಿದೆ. ಚಹಾದ ಕಪ್ಪು ಎಲ್ಲಿ ಬಿತ್ತೋ ನೋಡಲಿಲ್ಲ. ಓಡಿ ಬಂದು ನೋಡುತ್ತೇನೆ, ಪಾವಟಿಗೆಯ ಮೇಲೆ ಹುಡುಗಿಯ ಮಾವ ನಿಂತಿದ್ದಾನೆ, ಕೈ ಇನ್ನೂ ಮುಂದೆ ಚಾಚಿದೆ. ಹುಡುಗಿ ನೀರಿನಲ್ಲಿ. ಎಂಟನೇ ದಿನ ಬಾವಿಯನ್ನು ಈಸಿ ದಾಟಿದ ಕೂಸು ಈಸುತ್ತಿಲ್ಲ, ಸುಮ್ಮನೆ ಕೆಳಗೆ ಹೋಗುತ್ತಿದೆ. ಕ್ಯಾಮೆರಾದ ಪಕ್ಕದಲ್ಲಿ ನಮ್ಮೂರಿನ ಈಸು ಬಲ್ಲ ಇಬ್ಬರು ಗಂಡಸರು ಚಡ್ಡಿಯಲ್ಲಿ ತಯಾರು ನಿಂತಿದ್ದಾರೆ, ಕಟ್ ಅನ್ನುವ ತನಕ ಇಳಿಯಬಾರದು ಅಂತ ಅವರಿಗೆ ಹೇಳಿಟ್ಟಿದ್ದರು. ನನಗೆ ಯಾರೂ ಏನೂ ಹೇಳಿರಲಿಲ್ಲವಲ್ಲ, ಉಟ್ಟ ಸೀರೆಯಲ್ಲೇ ಹಾರಿದೆ. ಜಡೆ ಕೈಗೆ ಸಿಕ್ಕಿತು. ಎಳೆದು ಪಾವಟಿಗೆಗೆ ತಂದು ಬೋರಲು ಮಾಡಿ ಬೆನ್ನು ಬಡಿದೆ. ನೀರು ಕಾರಿದಳು.

ಆಗ ಚಪ್ಪಾಳೆ ಕೇಳಿತು.

ಮೊದಲು ಡೈರೆಕ್ಟರ್ ತಟ್ಟಿದ, ಆಮೇಲೆ ಎಲ್ಲರೂ. ಸಿನಿಮಾದ ಮುದುಕಿಯೂ ಕಣ್ಣು ಒರೆಸಿಕೊಂಡು ತಟ್ಟಿದಳು. “ಬ್ರಿಲಿಯಂಟ್ ಪುಟ್ಟಿ! ಇದೇ ಬೇಕಿತ್ತು ನಮಗೆ!” ಎಂದ ಡೈರೆಕ್ಟರ್.

ನಾನು ಮಾವನ ಕಡೆ ತಿರುಗಿದೆ. “ಏನೋ ಇದು? ತಲಿ ಕೆಟ್ಟೈತೇನೋ ನಿನಗ?”

“ಕಾಕಿ, ಸಾಹೇಬ್ರು ಕೇಳಿದ್ರು… ನಮ್ಮನ್ನೂ ಅಪ್ಪ ಹಿಂಗ ದಬ್ಬೇ ಕಲಿಸ್ಯಾನಲ್ಲ. ಊರಾಗ ಎಲ್ಲಾರೂ ಹಂಗ ಕಲತಾರ. ಒಮ್ಮಿ ದಬ್ಬಿದ್ರ ಪೂರಾ ಅಂಜಿಕಿ ಹೋಗ್ತೈತಿ ಅಂತ…”

ಅವನು ಹೇಳಿದ್ದು ಸುಳ್ಳಲ್ಲ. ನಮ್ಮ ಕಡೆ ಎಲ್ಲ ಬಾವಿಯಲ್ಲೂ ಹೀಗೆಯೇ. ಅಪ್ಪನೋ ಕಾಕಾನೋ ಹಿಂದಿನಿಂದ ಬಂದು ದಬ್ಬುತ್ತಾನೆ, ಹುಡುಗ ಒದ್ದಾಡಿ ಮೇಲೆ ಬರುತ್ತಾನೆ, ದಂಡೆಯ ಮೇಲಿನವರು ಹೋ ಎಂದು ನಗುತ್ತಾರೆ. ದಬ್ಬಿಸಿಕೊಂಡು ಕಲಿತವರು ದೊಡ್ಡವರಾಗಿ ತಮ್ಮ ಮಕ್ಕಳನ್ನು ದಬ್ಬುತ್ತಾರೆ. ದಬ್ಬಿಸಿಕೊಂಡ ಮೇಲೆ ಮತ್ತೆಂದೂ ಬಾವಿಯ ಹತ್ತಿರ ಸುಳಿಯದವರು ಎಷ್ಟು ಮಂದಿ ಅಂತ ಯಾರಾದರೂ ಲೆಕ್ಕ ಹಿಡಿದಿದ್ದಾರೆಯೇ? ನನ್ನ ಹತ್ತಿರ ಕೇಳಿ, ಹೆಸರು ಹಿಡಿದು ಹೇಳುತ್ತೇನೆ. ಅದರಲ್ಲಿ ನನ್ನ ಗಂಡನೂ ಒಬ್ಬ. ಸಾಯುವ ತನಕ ನಮ್ಮ ಸ್ವಂತ ಬಾವಿಯ ಎರಡನೇ ಪಾವಟಿಗೆ ಇಳಿಯಲಿಲ್ಲ.

ಹುಡುಗಿ ಅಳಲಿಲ್ಲ. ಮಾವನನ್ನು ನೋಡಲಿಲ್ಲ. ನನ್ನ ತೊಯ್ದ ಸೆರಗು ಹಿಡಿದು ಒಂದೇ ಮಾತು ಕೇಳಿದಳು.

“ಆಯಿ, ನಿನಗ ಗೊತ್ತಿತ್ತೇನ?”

“ಇಲ್ಲ ತಂಗಿ.”

ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಸೆರಗು ಬಿಟ್ಟಳು. ನಂಬಲಿಲ್ಲ. ಹಗ್ಗ ಬಿಚ್ಚಿದ್ದು ನಾನು, ಇವತ್ತು ನೀರಿಗಿಲ್ಲ ಅಂದದ್ದು ನಾನು, ಮೇಲೆ ಹೋಗಿ ಕೂತದ್ದು ನಾನು. ಆಕೆಯ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ಸಂಜೆ ಡೈರೆಕ್ಟರ್ ನಮ್ಮ ಮನೆಯ ಕಟ್ಟೆಗೆ ಬಂದ. ಸಂಗಡ ಮಾವ, ತಲೆ ಕೆಳಗೆ ಹಾಕಿಕೊಂಡು. ಹುಡುಗಿ ಮಾತಾಡುತ್ತಿಲ್ಲ, ಜೋಳದ ಚೀಲಗಳ ಹಿಂದೆ ಕೂತಿದ್ದಾಳೆ, ತಾಯಿ ಕರೆದರೂ ಬರುತ್ತಿಲ್ಲವಂತೆ. ಅವರಿಗೆ ಇನ್ನೊಂದು ಸೀನು ಬಾಕಿ ಇತ್ತು, ಹುಡುಗಿ ತಾನಾಗಿ ನಗುತ್ತ ಬಾವಿಗೆ ಹಾರುವುದು.

“ಅಜ್ಜಿ, ನಿಮ್ಮ ಮಾತು ಮಾತ್ರ ಕೇಳ್ತಾಳೆ. ಹಗ್ಗ ಇರುತ್ತೆ ಅಂತ ಹೇಳಿ ಕರ್ಕೊಂಡು ಬನ್ನಿ. ಆಮೇಲೆ ನಾವು ನೋಡ್ಕೋತೀವಿ.”

“ಇವತ್ತಿನ ಶಾಟು ಅಳಿಸ್ರಿ. ಆಮ್ಯಾಗ ಮಾತಾಡೂನು.”

“ಅಯ್ಯೋ ಅಜ್ಜಿ, ಅದೇ ಸಿನಿಮಾದ ಜೀವ! ಸೇಫ್ಟಿ ಎಲ್ಲ ಇತ್ತು, ಇಬ್ಬರು ನಿಂತಿದ್ರು. ನೀವು ಒಂದು ಸಲ ನೋಡಿ, ನಿಮಗೇ ಗೊತ್ತಾಗುತ್ತೆ.”

ಮೊಬೈಲಿನಲ್ಲಿ ತೋರಿಸಿದ. ನೋಡಿದೆ. ಹುಡುಗಿ ನೀರಿಗೆ ಬೀಳುತ್ತಾಳೆ, ಒಮ್ಮೆ ಮೇಲೆ ಬರುತ್ತಾಳೆ, ಒಂದು ಕೈ ಬೆನ್ನ ಹಿಂದಕ್ಕೆ ಹೋಗುತ್ತದೆ, ಅಲ್ಲಿ ತಡಕಾಡುತ್ತದೆ. “ನೋಡಿ, ಹೇಗೆ ಹೋರಾಡ್ತಾಳೆ!” ಎಂದ ಅವನು. ಹೋರಾಟವಲ್ಲ ಅದು. ಗಂಟು ಹುಡುಕುತ್ತಿದ್ದಳು. ದಿನಾ ನಾನು ಬೆನ್ನಿಗೆ ಹಾಕುತ್ತಿದ್ದ ಹಗ್ಗದ ಗಂಟು. ಎರಡು ಸಲ ತಡಕಿ, ಇಲ್ಲ ಅಂತ ತಿಳಿದ ಮೇಲೆ ಕೈ ಬಿಟ್ಟಳು. ಆಮೇಲೆಯೇ ಮುಳುಗಿದ್ದು.

ಇದನ್ನು ನಾಳೆ ಸಾವಿರ ಮಕ್ಕಳಿಗೆ ತೋರಿಸಿ ಧೈರ್ಯ ಅನ್ನುತ್ತಾರೆ.

“ನಾಳಿಗಿ ಬಾವಿಗಿ ನಾ ಬರೂದಿಲ್ಲ. ಕೂಸನ್ನೂ ಕರ್ಯೂದಿಲ್ಲ,” ಎಂದೆ.

“ಅಜ್ಜಿ, ಎರಡೇ ದಿನ ಉಳಿದಿರೋದು. ಅಗ್ರಿಮೆಂಟಿಗೆ ಇವರು ಸಹಿ ಮಾಡಿದ್ದಾರೆ.”

“ಸಹಿ ಮಾಡ್ದಂವ ಇಲ್ಲೇ ಕುಂತಾನಲ್ಲ. ಕರಕೊಂಡು ಹೋಗಿ ಅವನ್ನ ದಬ್ಬಿ ತಗೋರಿ. ಅಂಜಿಕಿ ಚಲೋ ಕಾಣ್ತೈತಿ.”

ಡೈರೆಕ್ಟರ್ ಮಾವನ ಮುಖ ನೋಡಿದ. ಮಾವ ಎದ್ದು ನಿಂತ. “ನಾನೂ ಬ್ಯಾಡ ಅಂತೇನ್ರಿ ಸಾಹೇಬ್ರ. ತಪ್ಪು ಮಾಡೇನಿ,” ಎಂದ. ಡೈರೆಕ್ಟರ್ ನಾಳೆ ಏಳಕ್ಕೆ ಗಾಡಿ ಬಾವಿಯ ಹತ್ತಿರ ಇರುತ್ತದೆ, ರಾತ್ರಿ ಯೋಚನೆ ಮಾಡಿ ಅಂತ ಹೇಳಿ ಹೋದ. ನಾನು ಯೋಚನೆ ಮಾಡುವುದೇನೂ ಇರಲಿಲ್ಲ. ಉಂಡು ಮಲಗಿದೆ.

ಮರುದಿನ ಬೆಳಗ್ಗೆ ಹೊತ್ತು ಏರುವ ಮುಂಚೆ ಹಗ್ಗ ಹೆಗಲಿಗೆ ಹಾಕಿಕೊಂಡು ಅವರ ಮನೆಗೆ ಹೋದೆ. ಹುಡುಗಿ ಚೀಲಗಳ ಹಿಂದಿನಿಂದ ನನ್ನ ಕಾಲು ನೋಡಿದಳು, ಮುಖ ನೋಡಲಿಲ್ಲ.

“ಬಾವಿಗಿ ಕರ್ಯಾಕ ಬಂದಿಲ್ಲ,” ಎಂದೆ. “ನಿನ್ನೆ ದಬ್ಬಿದಂವ ನಿಮ್ಮ ಮಾವ. ದಬ್ಬು ಅಂದಂವ ಆ ಡೈರೆಕ್ಟರ. ನನಗ ಗೊತ್ತಿರಲಿಲ್ಲ, ಆದರ ಹಗ್ಗ ಬಿಚ್ಚಿ ಚಹಾ ಕುಡ್ಯಾಕ ಹೋಗಿದ್ದೆ. ಅದು ನನ್ನ ತಪ್ಪ. ಈಗ ಕೆನಾಲಿಗಿ ಹೊಂಟೇನಿ. ನಿಮ್ಮವ್ವನೂ ಬರ್ತಾಳ. ನೀರಿಗಿ ನೀ ಇಳ್ಯೂದಿಲ್ಲ. ನಾ ಎರಡು ಹೆಜ್ಜಿ ಇಳಿತೇನಿ. ನೋಡೂದಿದ್ರ ಬಾ, ಇಲ್ಲಂದ್ರ ಬಿಡು.”

ತಾಯಿ ನನ್ನ ಮುಖ ನೋಡಿದಳು. ಕೆನಾಲು ಅನ್ನುವ ಮಾತನ್ನು ಆ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಎದ್ದು ಚಪ್ಪಲಿ ಮೆಟ್ಟಿದಳು. ನಾವಿಬ್ಬರೂ ಹೊರಟು ಓಣಿ ದಾಟುವಷ್ಟರಲ್ಲಿ ಹಿಂದೆ ಸಣ್ಣ ಕಾಲಿನ ಸಪ್ಪಳ ಕೇಳಿತು.

ನಮ್ಮೂರ ಕೆನಾಲು ಹುಡುಗಿಯ ಅಪ್ಪ ಬಿದ್ದ ಹಿಪ್ಪರಗಿ ಕಡೆಯದಲ್ಲ, ಆದರೆ ಕಟ್ಟಿದ್ದು ಅದೇ ನಮೂನೆ. ಕೆರೆ ತುಂಬಿಸಲಿಕ್ಕೆ ಅಂತ ಆ ವಾರ ನೀರು ಬಿಟ್ಟಿದ್ದರು. ಕೆನಾಲು ದಾಟಲಿಕ್ಕೆ ಕಟ್ಟಿದ ಪೂಲಿನ ಕಬ್ಬಿಣದ ಪೈಪಿಗೆ ಹಗ್ಗ ಒಂದು ಸುತ್ತು ಹಾಕಿ, ಒಂದು ತುದಿ ನನ್ನ ಬಗಲ ಕೆಳಗೆ ಕಟ್ಟಿಕೊಂಡು, ಇನ್ನೊಂದು ತುದಿಯನ್ನು ತಾಯಿ ಮಗಳ ಕೈಗೆ ಕೊಟ್ಟೆ. “ಜಾರತೇನಿ. ಎಳೀರಿ,” ಎಂದು ಹೇಳಿ ಇಳಿಜಾರಿಗೆ ಕಾಲಿಟ್ಟೆ. ನೀರು ತಾಗಿದ ಜಾಗದಲ್ಲಿ ಪಾಚಿ ಬೆಣ್ಣೆಯ ಹಾಗಿತ್ತು. ಎರಡನೇ ಹೆಜ್ಜೆಗೇ ಕಾಲು ಹೋಯಿತು, ಸೊಂಟದ ತನಕ ನೀರಿಗೆ ಹೋದೆ. ಎರಡೂ ಕೈ ಊರಿ ಹತ್ತಲಿಕ್ಕೆ ನೋಡಿದೆ, ಜಾರಿದೆ. ಇನ್ನೊಮ್ಮೆ ನೋಡಿದೆ, ಜಾರಿದೆ. ನಟನೆ ಮಾಡಲಿಲ್ಲ, ನಿಜವಾಗಿಯೇ ಹತ್ತಲಿಕ್ಕೆ ಆಗಲಿಲ್ಲ. ಮೇಲಿನಿಂದ ಹಗ್ಗ ಬಿಗಿಯಾಯಿತು. ಹುಡುಗಿ ಹಲ್ಲು ಕಚ್ಚಿ ಹಿಂದಕ್ಕೆ ವಾಲಿ ಎಳೆಯುತ್ತಿದ್ದಳು.

ಮೇಲೆ ಬಂದು ಕೂತು ಸೀರೆ ಹಿಂಡಿದೆ. ಹುಡುಗಿ ಪಾಚಿಯ ಮೇಲೆ ನನ್ನ ಕಾಲು ಜಾರಿದ ಗೆರೆಯನ್ನೇ ನೋಡುತ್ತಿದ್ದಳು. ಆಮೇಲೆ ತಾಯಿಯ ಕಡೆ ತಿರುಗಿದಳು.

“ಅವ್ವಾ, ಅಪ್ಪಗ ಈಸು ಬರ್ತಿತ್ತೇನ?”

ತಾಯಿ ಹಗ್ಗವನ್ನು ಇನ್ನೂ ಬಿಟ್ಟಿರಲಿಲ್ಲ. “ಬರ್ತಿತ್ತವ್ವ. ಚಲೋ ಬರ್ತಿತ್ತು.” ಇಷ್ಟು ಹೇಳಿ ಕೂತುಬಿಟ್ಟಳು. ಸೊಲ್ಲಾಪುರದ ಮಾತು ಸುಳ್ಳು ಅಂತಲೂ, ಆ ದಿನ ಏನಾಯಿತು ಅಂತಲೂ ಮಗಳಿಗೆ ಹೇಳಿದಳು.

ದೂರದಲ್ಲಿ, ನಮ್ಮ ತೋಟದ ಕಡೆಯಿಂದ, ಸಿನಿಮಾದವರ ಗಾಡಿ ಹಾರ್ನ್ ಹೊಡೆಯುತ್ತಿತ್ತು. ಎರಡು ಸಲ, ಮೂರು ಸಲ. ಹೊಡೆಯಲಿ.

“ಬಿದ್ದವರು ಎಲ್ಲಿ ಹತ್ತಬೇಕ ಆಯಿ?” ಎಂದಳು ಹುಡುಗಿ.

ತೋರಿಸಿದೆ. ನೀರು ಹೋಗುವ ದಿಕ್ಕಿಗೆ, ಪೂಲು ದಾಟಿ ಮುಂದೆ, ಇಳಿಜಾರಿನಲ್ಲಿ ಸಿಮೆಂಟಿನ ಪಾವಟಿಗೆ ಮಾಡಿದ್ದಾರೆ. ಈ ಬದಿಗಷ್ಟೇ ಇದೆ, ಆ ಬದಿಗೆ ಇಲ್ಲ. ನೀರಿನ ಎದುರಿಗೆ ಬಡಿದಾಡಬಾರದು, ಪಾಚಿ ಹಿಡಿದು ಹತ್ತಲಿಕ್ಕೆ ಹೋಗಬಾರದು, ಮೈ ಸಡಿಲ ಬಿಟ್ಟು ಅಲ್ಲಿಯ ತನಕ ತೇಲಿ ಹೋಗಬೇಕು. ಆಕೆ ಎದ್ದು ಪೂಲಿನಿಂದ ಅಲ್ಲಿಯ ತನಕ ದಂಡೆಯ ಮೇಲೆ ಎಣಿಸುತ್ತಾ ನಡೆದಳು. ನಂಬಿಕೆ ಬಾರದೆ ತಿರುಗಿ ಬಂದು ಇನ್ನೊಮ್ಮೆ ಎಣಿಸಿದಳು. ಎಪ್ಪತ್ತೊಂದು ಹೆಜ್ಜೆ.